ಅಪ್‌ಡೇಟ್: ಅಮ್ಮನ ಮಂಡಿ ನೋವಿನ ಮೂಲ ಮಂಡಿಯಲ್ಲಿರಲಿಲ್ಲ

ಮಂಡಿಯ ಎಕ್ಸ್‌ರೇಯಲ್ಲಿ ವಯಸ್ಸಿಗೆ ಸಹಜವಾದ ಸವೆತವಷ್ಟೇ ಕಂಡಿದ್ದರೂ ನಮ್ಮ ತಾಯಿಯವರ ಬಲ ಮಂಡಿಯ ನೋವು ಏಕೆ ಇಳಿಯುತ್ತಿಲ್ಲ ಎಂದು ಹಿಂದೆ ಕೇಳಿದ್ದೆ. ಮಂಡ್ಯದ ಮೂಳೆ ತಜ್ಞರೊಬ್ಬರು ಅವರನ್ನು ಅಂಗಾತ ಮಲಗಿಸಿ, ಕಾಲು ಮಡಿಸಿ, ಪಾದವನ್ನು ಹೊರಕ್ಕೆ ಸರಿಸುತ್ತ ತೊಡೆಯನ್ನು ನಿಧಾನವಾಗಿ ಒಳಮುಖವಾಗಿ ತಿರುಗಿಸಿದಾಗ, ಅಮ್ಮ "ಅಯ್ಯೋ, ಇದೇ ನೋವು ಡಾಕ್ಟ್ರೇ" ಎಂದು ಮಂಡಿಯನ್ನೇ ಹಿಡಿದುಕೊಂಡರು. ತೊಡೆ ಸೊಂಟಕ್ಕೆ ಸೇರುವ ಹಿಪ್ ಕೀಲಿನ ಎಕ್ಸ್‌ರೇ ತೆಗೆಸಿದಾಗ ಕೀಲಿನ ಅಂತರ ಕಿರಿದಾಗಿರುವುದು ಸ್ಪಷ್ಟವಾಗಿತ್ತು. ಕಾಲುಂಗುರ ಸರಿಪಡಿಸಿಕೊಳ್ಳಲೂ ಬಗ್ಗಲಾಗುತ್ತಿಲ್ಲವೆಂಬ ಅವರ ದೂರಿಗೂ ಇದೇ ಕಾರಣವಂತೆ.

ಬೆನ್ನುಹುರಿಯ ಸೊಂಟಭಾಗದ 2ರಿಂದ 4ನೇ ನರಬೇರುಗಳಿಂದ ಹೊರಡುವ ಆಬ್ಟ್ಯುರೇಟರ್ ಮತ್ತು ಫೆಮೊರಲ್ ನರಗಳು ಹಿಪ್ ಮತ್ತು ಮಂಡಿ ಎರಡಕ್ಕೂ ಕವಲು ಕಳಿಸುವುದರಿಂದ, ಹಿಪ್‌ನಿಂದ ಬಂದ ನೋವನ್ನು ಮಿದುಳು ಮಂಡಿಯದೆಂದು ಗ್ರಹಿಸಬಹುದೆಂದು ವೈದ್ಯರು ವಿವರಿಸಿದರು. ಹದಿಹರೆಯದವರಲ್ಲಿ ತೊಡೆಮೂಳೆಯ ತಲೆ ಜಾರಿದಾಗಲೂ ಕೆಲವೊಮ್ಮೆ ಮಂಡಿ ನೋವೊಂದೇ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಮಕ್ಕಳಿರುವವರು ಗಮನಿಸುವುದು ಒಳ್ಳೆಯದು.

ಸದ್ಯಕ್ಕೆ ಫಿಸಿಯೋಥೆರಪಿ ನಡೆದಿದೆ. ನೋವಿರುವುದು ಬಲಗಡೆಯಾದರೂ ಊರುಗೋಲನ್ನು ಎಡಗೈಯಲ್ಲಿ ಹಿಡಿಯಬೇಕು, ಆಗಲೇ ಆ ಕೀಲಿನ ಮೇಲಿನ ಭಾರ ಕಡಿಮೆಯಾಗುತ್ತದೆ ಎಂಬುದನ್ನು ಅಮ್ಮನಿಗೆ ಒಪ್ಪಿಸುವುದೇ ನಮಗೀಗ ಕಷ್ಟವಾಗಿದೆ.