ಡಿಮೆನ್ಶಿಯಾ (ಮರೆವಿನ ಕಾಯಿಲೆ) ಇರುವ ಅತ್ತೆ, ರಾತ್ರಿ ನಿದ್ದೆ ಇಲ್ಲ: ನಿಮ್ಮ ಮನೆಯಲ್ಲಿ ಹೇಗೆ ನಿಭಾಯಿಸಿದಿರಿ?

ಊರು ಗದಗ. ಅತ್ತೆಗೆ 78. ಸಂಜೆಯಾದರೆ "ನಮ್ಮನೆಗೆ ಹೋಗ್ಬೇಕು" ಅಂತ ಬಾಗಿಲ ಹತ್ತಿರ ನಿಲ್ಲುತ್ತಾರೆ. ರಾತ್ರಿ ಮಲಗೋದಿಲ್ಲ. ಗಂಡನಿಗೆ ಟೂರ್ ಕೆಲಸ, ನಾದಿನಿಯರದ್ದು ಫೋನಿನಲ್ಲೇ ಸಲಹೆ. ನನಗೆ ಸಾಕಾಗಿದೆ. ಅನುಭವ ಇದ್ದವರು ಹೇಳಿ.

ಉತ್ತರ 1
ನಮ್ಮ ಮಾವನೂ ಹೀಗೇ ಮಾಡುತ್ತಿದ್ದರು. "ಇದೇ ನಿಮ್ಮನೆ" ಅಂತ ವಾದ ಮಾಡಿದಷ್ಟೂ ರೇಗಾಟ ಜಾಸ್ತಿ. "ಸರಿ, ಚಹಾ ಕುಡಿದು ಹೋಗೋಣ" ಅಂದರೆ ಎಷ್ಟೋ ಸಲ ಅಲ್ಲಿಗೇ ಮರೆಯುತ್ತಿದ್ದರು. ಕತ್ತಲಾಗೋ ಮೊದಲೇ ಲೈಟ್ ಹಾಕಿ. ಮಧ್ಯಾಹ್ನದ ನಿದ್ದೆ ಕಡಿಮೆ ಮಾಡಿಸಿ. ಆದರೆ ಒಂದೆರಡು ದಿನದಲ್ಲೇ ಗೊಂದಲ ದಿಢೀರ್ ಏರಿದರೆ, ಕಾಯಿಲೆ ಮುಂದುವರಿದಿದೆ ಅಂತ ಸುಮ್ನೆ ಕೂರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ಹೊಸ ಮಾತ್ರೆ, ಯಾವುದಾದರೂ ಕಾರಣ ಇರಬಹುದು. ಆಗ ಡಾಕ್ಟರಿಗೆ ತೋರಿಸಲೇಬೇಕು. ನಿದ್ದೆ ಮಾತ್ರೆಯನ್ನು ನೀವೇ ತಂದು ಕೊಡಬೇಡಿ. ಮಂಪರಿನಲ್ಲಿ ಎದ್ದು ಬೀಳುತ್ತಾರೆ.

ಉತ್ತರ 2
ನಾನು ಆ ಫೋನ್ ಮಾಡೋ ನಾದಿನಿಯರ ಕಡೆಯವಳು! "ಏನಾದ್ರೂ ಬೇಕಾದ್ರೆ ಹೇಳಿ" ಅನ್ನೋದು ಸುಲಭ, ಅಲ್ವಾ? ನಮ್ಮ ಅತ್ತಿಗೆ ಜಾಣೆ, ಪಟ್ಟಿಯನ್ನೇ ಕಳಿಸಿದರು. ಎರಡನೇ ಶನಿವಾರ, ಭಾನುವಾರ ನಾನು ಅಲ್ಲಿರಬೇಕು. ಡೈಪರ್, ಮಾತ್ರೆ ತಮ್ಮನ ಖರ್ಚು. ರಾತ್ರಿ ಆಯಾ ಸಂಬಳ ಎಲ್ಲರೂ ಸೇರಿ. ಓದಿದಾಗ ಸಿಟ್ಟು ಬಂದದ್ದು ನಿಜ. ಅಮ್ಮನ ಜೊತೆ ರಾತ್ರಿ ಎದ್ದು ಕೂತ ಮೇಲೆ ಇಳಿಯಿತು. ನೀವೂ ದಿನ, ದುಡ್ಡು ಹೆಸರಿಸಿ ಕೇಳಿ.

ಉತ್ತರ 3
ನಾನು ಸಮಾಜಕಾರ್ಯ ಓದಿದವನು. ಗೋವಾದಲ್ಲಿ ನಡೆದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಡಿಮೆನ್ಶಿಯಾ ಇರುವವರ 81 ಕುಟುಂಬಗಳು ಅದರಲ್ಲಿದ್ದವು. ಕೆಲವು ಮನೆಗಳಿಗೆ ತರಬೇತಿ ಪಡೆದ ಸ್ಥಳೀಯರು ಆರು ತಿಂಗಳು ಹೋಗಿಬಂದರು. ಕಾಯಿಲೆ ಏನು, ರೇಗಾಟ ಬಂದಾಗ ಏನು ಮಾಡಬೇಕು ಅಂತ ತಿಳಿಸಿದರು. ರೋಗಿಗಳಲ್ಲಿ ಖಚಿತ ಅನ್ನುವಂಥ ಬದಲಾವಣೆ ಕಾಣಲಿಲ್ಲ. ನೋಡಿಕೊಳ್ಳುವವರ ಮನಸ್ಸಿನ ಆರೋಗ್ಯ ಮಾತ್ರ ಸುಧಾರಿಸಿತು. ಅಂದರೆ ಅತ್ತೆ ಹೀಗೇ ಇದ್ದರೂ ನಿಮ್ಮ ಸ್ಥಿತಿ ಹೀಗೇ ಇರಬೇಕಿಲ್ಲ. ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ನಿಮಗೆ ದೂರವೇನಲ್ಲ. ಅಲ್ಲಿ ಅತ್ತೆಯನ್ನು ತೋರಿಸುವಾಗ ನಿಮ್ಮ ನಿದ್ದೆ, ಬೇಜಾರಿನ ವಿಷಯವನ್ನೂ ಹೇಳಿ. ಹೊರಡೋಕೆ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಹಿರಿಯರಿಗೆ ಏನೇನು ಸೌಲಭ್ಯ ಇದೆ ಅಂತ ಕೇಳೋಕೆ ಎಲ್ಡರ್‌ಲೈನ್ 14567, ಬೆಳಿಗ್ಗೆ 8ರಿಂದ ರಾತ್ರಿ 8.

ಉತ್ತರ 4
ಆಯಾ ಇಡೋದಾದರೆ ಕೆಲಸ ಏನೇನು ಅಂತ ಮೊದಲೇ ಬರೆಸಿಕೊಳ್ಳಿ. ಸ್ನಾನ, ಬಟ್ಟೆ, ರಾತ್ರಿ ಎದ್ದಾಗ ಜೊತೆಗಿರೋದು, ಎಲ್ಲವೂ. ನಮಗೆ ಬಂದವಳು "ಬಾತ್‌ರೂಮಿಗೆ ಕರ್ಕೊಂಡು ಹೋಗೋದು ನನ್ನ ಕೆಲಸ ಅಲ್ಲ" ಅಂದಳು. ಬಾಗಿಲಿಗೆ ಗೆಜ್ಜೆ ಕಟ್ಟಿ, ಅವರು ಎದ್ದು ಹೊರಟರೆ ಗೊತ್ತಾಗುತ್ತದೆ.