ಅಪ್‌ಡೇಟ್: ಪರೀಕ್ಷೆಯಲ್ಲಿ ಪಾಸಾಗಿ ತೋಟದಲ್ಲಿ ರೀಸೆಟ್ ಆಗುತ್ತಿದ್ದ ಪಂಪ್ ನಿಯಂತ್ರಕ

ಚಿಕ್ಕಮಗಳೂರಿನ ನಮ್ಮ ಕಾಫಿ ತೋಟದ ಸ್ಪ್ರಿಂಕ್ಲರ್ ಪಂಪನ್ನು ನಡೆಸುವ ಮುಕ್ತ ತಂತ್ರಾಂಶವು ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನ ಸ್ವಯಂಚಾಲಿತ ಪರೀಕ್ಷೆಗಳಲ್ಲೆಲ್ಲ ಪಾಸಾಗಿಯೂ ಇಎಸ್‌ಪಿ32 ಎಂಬ ಪುಟ್ಟ ನಿಯಂತ್ರಕ ಬೋರ್ಡಿನಲ್ಲಿ ಆಗಾಗ ರೀಸೆಟ್ ಆಗುವುದೇಕೆಂದು ಕಳೆದ ವಾರ ಕೇಳಿದ್ದೆ. ಹೂಮಳೆಗೆ ಬದಲಾಗಿ ರೊಬಸ್ಟಾಕ್ಕೆ ನೀರು ಹಾಯಿಸುವ ಕಾಲ ಹತ್ತಿರವಿದ್ದುದರಿಂದ ಆತಂಕವಾಗಿತ್ತು, ಈಗ ಬಗೆಹರಿದಿದೆ.

ಬಂದ ಉತ್ತರಗಳಲ್ಲಿ ಟೈಮ್‌ಔಟ್ (ಕಾಯುವ ಅವಧಿ) ಹೆಚ್ಚಿಸುವ ಸಲಹೆಯಿಂದ ಪ್ರಯೋಜನವಾಗಲಿಲ್ಲ. ಬೋರ್ಡನ್ನು ಕಂಪ್ಯೂಟರಿನಲ್ಲೇ ಅನುಕರಿಸುವ ಕ್ಯೂಇಎಂಯು ಸಿಮ್ಯುಲೇಟರ್ ಕೋಡಿನ ತರ್ಕವನ್ನು ಚೆನ್ನಾಗಿಯೇ ಪರೀಕ್ಷಿಸಿತಾದರೂ ದೋಷ ಅಲ್ಲಿ ಕಾಣಲಿಲ್ಲ. ಫಲಿಸಿದ್ದು, ರಿಲೇ (ಪಂಪನ್ನು ಆನ್–ಆಫ್ ಮಾಡುವ ವಿದ್ಯುತ್ ಸ್ವಿಚ್) ಸಮೇತ ನಿಜವಾದ ಬೋರ್ಡೊಂದನ್ನು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಕಾಯಂ ಜೋಡಿಸಿ, ಪೈಯನ್ನೇ ರನ್ನರ್ (ಗಿಟ್‌ಹಬ್‌ನ ಪರೀಕ್ಷೆಗಳನ್ನು ಓಡಿಸುವ ಯಂತ್ರ) ಮಾಡಿ, ಪ್ರತಿ ಬದಲಾವಣೆಯನ್ನೂ ಆ ಬೋರ್ಡಿಗೆ ಹಾಕಿ ರಿಲೇಯನ್ನು ಆನ್–ಆಫ್ ಮಾಡಿಸಿ ನೋಡಿರೆಂಬ ಸಲಹೆ. ಮೊದಲ ರಾತ್ರಿಯ ಸೀರಿಯಲ್ ಲಾಗ್‌ನಲ್ಲೇ (ಬೋರ್ಡ್ ಕಳಿಸುವ ಸಂದೇಶಗಳ ದಾಖಲೆ) ಬ್ರೌನ್‌ಔಟ್ ಸಂದೇಶ ಸಿಕ್ಕಿತು: ರಿಲೇ ಎಳೆದುಕೊಳ್ಳುವ ಕ್ಷಣದಲ್ಲಿ ವೋಲ್ಟೇಜ್ ಕುಸಿದು ಚಿಪ್ ತಾನೇ ಮರುಪ್ರಾರಂಭವಾಗುತ್ತಿತ್ತು. ರಿಲೇಗೆ ಪ್ರತ್ಯೇಕ ವಿದ್ಯುತ್ ಪೂರೈಕೆ ಕೊಟ್ಟ ಮೇಲೆ ರೀಸೆಟ್ ಆಗುವುದು ನಿಂತಿದೆ.

ನನಗೆ ಅಚ್ಚರಿಯೆನಿಸಿದ ವಿಷಯವೇ ಬೇರೆ. ಸಾರ್ವಜನಿಕ ರೆಪಾಸಿಟರಿಗೆ (ಕೋಡ್ ಸಂಗ್ರಹಕ್ಕೆ) ಸ್ವಂತ ರನ್ನರ್ ಜೋಡಿಸಬೇಡಿರೆಂದು ಗಿಟ್‌ಹಬ್ಬೇ ಎಚ್ಚರಿಸುತ್ತದೆ, ಏಕೆಂದರೆ ಅಪರಿಚಿತರು ಫೋರ್ಕಿನಿಂದ (ತಾವು ಮಾಡಿಕೊಂಡ ಪ್ರತಿಯಿಂದ) ಕಳಿಸುವ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸುವ ಕೋರಿಕೆ) ನಮ್ಮ ಯಂತ್ರದಲ್ಲಿ ಅಪಾಯಕಾರಿ ಕೋಡನ್ನು ಓಡಿಸಬಹುದು. (ನಮ್ಮಲ್ಲಂತೂ ಆ ಯಂತ್ರದ ಪಕ್ಕದಲ್ಲೇ ರಿಲೇ ಇದೆ!) ಹಾಗಾಗಿ ಹೊರಗಿನವರ ಬದಲಾವಣೆಗಳು ಸಿಮ್ಯುಲೇಟರಿನಲ್ಲಷ್ಟೇ ಓಡುತ್ತವೆ, ನಾವು ಓದಿ ಒಪ್ಪಿ ಖಾಸಗಿ ಪ್ರತಿಗೆ ಸೇರಿಸಿದ ಕೋಡ್ ಮಾತ್ರ ಬೋರ್ಡಿಗೆ ಹೋಗುತ್ತದೆ, ಅಲ್ಲಿ ಪಾಸಾದದ್ದಷ್ಟೇ ತೋಟಕ್ಕೆ ಬಿಡುಗಡೆಯಾಗುತ್ತದೆ.