ಮಾವನ ಲೈಕಾ ಎಂ3ಗೆ ಕೈಗೆಟುಕುವ 50 ಎಂಎಂ ಲೆನ್ಸ್ ಯಾವುದು?

ಪ್ರಶ್ನೆ: ಕೊಪ್ಪಳದ ಹವ್ಯಾಸಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಬಹಳ ವರ್ಷ ಸ್ಟುಡಿಯೊ ನಡೆಸಿದ ನನ್ನ ಸೋದರಮಾವ ಹೋದ ವರ್ಷ ತೀರಿಕೊಂಡರು. ಅವರ ಟ್ರಂಕಿನಲ್ಲಿ ಹಳೆಯ ಪಂಚೆಯೊಂದರಲ್ಲಿ ಸುತ್ತಿಟ್ಟಿದ್ದ ಲೈಕಾ ಎಂ3 ಫಿಲ್ಮ್ ಕ್ಯಾಮೆರಾ ಈಗ ನನ್ನ ಪಾಲಿಗೆ ಬಂದಿದೆ. ಅದರ ಲೆನ್ಸನ್ನು ಮಾವ ಎಂದೋ ಮಾರಿಬಿಟ್ಟಿದ್ದರೆಂದು ಅತ್ತೆ ಹೇಳುತ್ತಾರೆ. ಉಳಿದಿರುವುದು ಬಾಡಿ ಮಾತ್ರ. ಶಟರ್ ಎಲ್ಲ ವೇಗಗಳಲ್ಲೂ ಸರಿಯಾಗಿ ಬೀಳುತ್ತಿರುವಂತೆ ಕಿವಿಗೆ ಕೇಳಿಸುತ್ತದೆ. ವ್ಯೂಫೈಂಡರ್ ತುಸು ಮಸುಕಾಗಿದ್ದರೂ ನಡುವಿನ ಹೊಳೆಯುವ ಚೌಕ ಕಾಣುತ್ತದೆ.

ನಾನು ಚಿತ್ರ ತೆಗೆಯಬೇಕೆಂದಿರುವುದು ಮುಖ್ಯವಾಗಿ ಎರಡು ಕಡೆ. ಒಂದು, ಕಿನ್ನಾಳದ ಚಿತ್ರಗಾರರ ಮನೆಗಳಲ್ಲಿ ನಡೆಯುವ ಗೊಂಬೆ ಕೆಲಸ. ಅಲ್ಲಿ ಬಾಗಿಲಿನಿಂದ ಬರುವ ಬೆಳಕೇ ಬೆಳಕು, ಫ್ಲ್ಯಾಶ್ ಹೊಡೆದರೆ ಬಣ್ಣ ಹಚ್ಚುವವರ ಕೈ ನಿಲ್ಲುತ್ತದೆ. ಇನ್ನೊಂದು, ನಮ್ಮ ಗವಿಮಠದ ಜಾತ್ರೆ. ಲೈಕಾ ಕಂಪನಿಯದೇ ಲೆನ್ಸ್ ಕೊಳ್ಳುವ ಮಾತು ನನ್ನಿಂದ ದೂರ. ಸುಂಕ, ಸಾಗಣೆ ಎಲ್ಲ ಸೇರಿ ಮೂವತ್ತು ಸಾವಿರ ರೂಪಾಯಿಯೊಳಗೆ ಮುಗಿಯಬೇಕು. ಸದ್ಯಕ್ಕೆ ಮನಸ್ಸಿನಲ್ಲಿರುವುದು ಮೂರು: ಚೀನಾದ ಸೆವೆನ್ ಆರ್ಟಿಸನ್ಸ್ ಕಂಪನಿಯ 50 ಎಂಎಂ ಎಫ್ 1.1, ಚೀನಾದ್ದೇ ಟಿಟಿ ಆರ್ಟಿಸನ್ ಕಂಪನಿಯ 28 ಎಂಎಂ ಎಫ್ 5.6, ಮತ್ತು ಸೋವಿಯತ್ ಕಾಲದ ಜುಪಿಟರ್-8. ಇವುಗಳಲ್ಲಿ ಯಾವುದು ಸರಿ? ಬೇರೆ ಕಂಪನಿಯ ಲೆನ್ಸ್ ಹಾಕಿದರೆ ಕ್ಯಾಮೆರಾಕ್ಕೆ ಏನಾದರೂ ತೊಂದರೆಯಾಗುತ್ತದೆಯೇ? ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ 1: ರಾಯಚೂರಿನ ರೋಲ್ ಫಿಲ್ಮ್

ನಿಮ್ಮ ಪಟ್ಟಿಯಿಂದ ಮೊದಲು 28 ಎಂಎಂ ಲೆನ್ಸನ್ನು ತೆಗೆದುಹಾಕಿ. ಲೆನ್ಸ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ನಿಮ್ಮ ಕ್ಯಾಮೆರಾಕ್ಕೂ ನಿಮ್ಮ ಕೆಲಸಕ್ಕೂ ಅದು ಹೊಂದುವುದಿಲ್ಲ. ಎಂ3ರ ವ್ಯೂಫೈಂಡರಿನಲ್ಲಿ 50, 90 ಮತ್ತು 135 ಎಂಎಂ ಲೆನ್ಸುಗಳಿಗೆ ಮಾತ್ರ ಚೌಕಟ್ಟಿನ ಗೆರೆಗಳಿವೆ. 35 ಅಥವಾ 28 ಹಾಕಿದರೆ ಚಿತ್ರದಲ್ಲಿ ಏನು ಬರುತ್ತದೆ, ಏನು ಬಿಟ್ಟುಹೋಗುತ್ತದೆ ಎಂಬುದನ್ನು ನೋಡಲು ಮೇಲೆ ಕೂರಿಸುವ ಪ್ರತ್ಯೇಕ ಫೈಂಡರ್ ಬೇಕು. ಅಂದರೆ ಒಂದು ಕಣ್ಣಿನಲ್ಲಿ ಫೋಕಸ್ ಮಾಡಿ, ಕ್ಯಾಮೆರಾ ಕೆಳಗಿಳಿಸಿ, ಇನ್ನೊಂದು ಕಿಟಕಿಯಲ್ಲಿ ಚೌಕಟ್ಟು ನೋಡುವ ಗೋಳು. ಜಾತ್ರೆಯ ನೂಕುನುಗ್ಗಲಿನಲ್ಲಿ ಅದು ಆಗುವ ಕೆಲಸವಲ್ಲ. ಮೇಲಾಗಿ ಎಫ್ ಸಂಖ್ಯೆ ದೊಡ್ಡದಾದಷ್ಟೂ ಲೆನ್ಸಿನೊಳಗೆ ಬರುವ ಬೆಳಕು ಕಡಿಮೆ, ಎಫ್ 5.6 ಎಂದರೆ ಕಿನ್ನಾಳದ ಮನೆಯೊಳಗೆ ಕತ್ತಲೆಯೇ ಸರಿ. ನಡುಹಗಲಿನ ಬಯಲಿಗಾದರೆ ಅದು ಬೇರೆಯೇ ಮಾತು: 28 ಎಂಎಂ ಲೆನ್ಸನ್ನು ಎಫ್ 8ಕ್ಕೆ ಇಟ್ಟು 3.3 ಮೀಟರಿಗೆ ಫೋಕಸ್ ಮಾಡಿಟ್ಟರೆ ಸುಮಾರು 1.7 ಮೀಟರಿನಿಂದ ಅನಂತದವರೆಗೆ ಎಲ್ಲವೂ ಒಪ್ಪುವಷ್ಟು ಸ್ಪಷ್ಟವಾಗಿರುತ್ತದೆ, ಫೈಂಡರಿನಲ್ಲಿ ಫೋಕಸ್ ನೋಡುವ ಅಗತ್ಯವೇ ಬೀಳುವುದಿಲ್ಲ.

ಎಂ3 ನಿಜವಾಗಿ 50 ಎಂಎಂ ಲೆನ್ಸಿಗೆಂದೇ ಹುಟ್ಟಿದ ಕ್ಯಾಮೆರಾ. ಅದರ ವ್ಯೂಫೈಂಡರ್ ಎದುರಿನ ನೋಟವನ್ನು ನಿಜ ಗಾತ್ರದ 0.91 ಪಟ್ಟು ತೋರಿಸುವುದರಿಂದ ಎರಡೂ ಕಣ್ಣು ತೆರೆದುಕೊಂಡೇ ನೋಡಬಹುದು, ಮತ್ತು 0.72 ಪಟ್ಟಿನ ಫೈಂಡರಿರುವ ಮುಂದಿನ ಮಾದರಿಗಳಿಗಿಂತ ಫೋಕಸನ್ನು ಹೆಚ್ಚು ನಿಖರವಾಗಿ ಹಿಡಿಯಬಹುದು. ಆ 50ರ ಗೆರೆ ಯಾವ ಲೆನ್ಸ್ ಹಾಕಿದರೂ ಅಲ್ಲೇ ಇರುತ್ತದೆ.

ಬೇರೆ ಕಂಪನಿಯ ಲೆನ್ಸ್ ಹಾಕಿದರೆ ತೊಂದರೆಯಾಗುತ್ತದೆಯೇ ಎಂದು ಕೇಳಿದ್ದೀರಿ. 1954ರಲ್ಲಿ ಎಂ3 ಬಂದಾಗ ಲೈಕಾದವರು ಅದಕ್ಕೂ ಹಿಂದಿನ 39 ಎಂಎಂ ಸ್ಕ್ರೂ ಲೆನ್ಸುಗಳನ್ನು ಮೂಲೆಗೆ ತಳ್ಳಲಿಲ್ಲ. ಸ್ಕ್ರೂ ಮೌಂಟಿನಿಂದ (ಮೌಂಟ್ ಎಂದರೆ ಲೆನ್ಸ್ ಕೂರುವ ಬಾಯಿ) ಫಿಲ್ಮಿನವರೆಗೆ 28.8 ಎಂಎಂ ದೂರವಿದ್ದದ್ದನ್ನು ಹೊಸ ಮೌಂಟಿನಲ್ಲಿ 27.8 ಎಂಎಂಗೆ ಇಳಿಸಿದರು. ಆ ಒಂದು ಮಿಲಿಮೀಟರಿನ ಜಾಗದಲ್ಲಿ ತೆಳುವಾದ ಅಡಾಪ್ಟರ್ ಉಂಗುರ ಕೂರುತ್ತದೆ, ಫೋಕಸ್ ಎಲ್ಲಿಯೂ ತಪ್ಪುವುದಿಲ್ಲ. ಆದ್ದರಿಂದ ಜುಪಿಟರ್-8 ಕೊಂಡರೆ ಜೊತೆಗೆ ಈ ಉಂಗುರವೂ ಬೇಕು. ಕೊಳ್ಳುವಾಗ 50 ಎಂಎಂ ಗೆರೆಯ ಉಂಗುರವನ್ನೇ ಕೇಳಿ, ಇಲ್ಲದಿದ್ದರೆ ಬೇಡದ 90 ಅಥವಾ 135ರ ಗೆರೆಯೂ ಕಣ್ಣೆದುರು ಬಂದು ನಿಲ್ಲುತ್ತದೆ. ಚೀನಾದ ಲೆನ್ಸುಗಳು ನೇರವಾಗಿ ಎಂ ಮೌಂಟಿಗೇ ಬರುತ್ತವೆ.

ಉತ್ತರ 2: ಬಳ್ಳಾರಿಯ ಹಳೆ ಡಾರ್ಕ್‌ರೂಮ್

ತಮ್ಮಾ, ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಲೆನ್ಸಿಗೆ ದುಡ್ಡು ಕೊಡುವ ಮುಂಚೆ ಬಾಡಿಯನ್ನು ಪರೀಕ್ಷಿಸಿ ಎಂಬುದು ನನ್ನ ಮಾತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ ನಾನೇ ಕೆಟ್ಟು ಕಲಿತಿದ್ದೇನೆ.

ಕೆಲವು ವರ್ಷಗಳ ಹಿಂದೆ ನಾನೊಂದು ಅಗ್ಗದ ಎಫ್ 1.1 ಲೆನ್ಸ್ ತರಿಸಿದೆ. ಮೊದಲ ರೋಲಿನಲ್ಲಿ ಮೊಮ್ಮಗಳ ಮುಖವನ್ನು ಹತ್ತಿರದಿಂದ ತೆಗೆದರೆ ಕಣ್ಣು ಮಸುಕು, ಜಡೆಗೆ ಮುಡಿದ ಮಲ್ಲಿಗೆ ಎಸಳೆಸಳಾಗಿ ಸ್ಪಷ್ಟ. ಇಂಥ ಲೆನ್ಸುಗಳ ಹಿಂಬದಿಯಲ್ಲಿ ಒಂದು ಲೋಹದ ಅಂಚಿರುತ್ತದೆ. ನಾವು ಫೋಕಸ್ ತಿರುಗಿಸಿದಂತೆ ಅದು ಮುಂದೆ ಹಿಂದೆ ಸರಿಯುತ್ತ ಕ್ಯಾಮೆರಾದೊಳಗಿನ ಚಿಕ್ಕ ಗಾಲಿಯನ್ನು ತಳ್ಳುತ್ತದೆ, ಆ ಗಾಲಿ ಫೈಂಡರಿನಲ್ಲಿ ಎರಡನೆಯ ಬಿಂಬವನ್ನು ಸರಿಸುತ್ತದೆ. ಎರಡು ಬಿಂಬ ಕೂಡಿಸಿ ಫೋಕಸ್ ಹಿಡಿಯುವ ಈ ರೇಂಜ್‌ಫೈಂಡರಿನ ಗುಟ್ಟೆಲ್ಲ ಇಷ್ಟೇ. ಲೆನ್ಸಿನ ಗಾಜು ಏನು ನೋಡುತ್ತಿದೆ ಎಂಬುದು ಫೈಂಡರಿಗೆ ಗೊತ್ತೇ ಇರುವುದಿಲ್ಲ, ಅಂಚು ಹೇಳಿದ್ದನ್ನು ಅದು ನಂಬುತ್ತದೆ. ಚೀನಾದ ಹೊಸ ಲೆನ್ಸುಗಳಲ್ಲಿ ಈ ಅಂಚಿನ ಸ್ಕ್ರೂಗಳನ್ನು ಸಡಿಲಿಸಿ ನಾವೇ ತಿದ್ದಿಕೊಳ್ಳಬಹುದು. ನಾನು ಎರಡು ಸಂಜೆ ಕೂತು ತಿದ್ದಿದೆ, ಚಿತ್ರಗಳು ಸರಿಯಾದವು, ಮೀಸೆ ತಿರುವಿದ್ದೂ ಆಯಿತು.

ಆಮೇಲೆ ಹುಣ್ಣಿಮೆಯ ದಿನ ಗೆಳೆಯರೊಬ್ಬರ 90 ಎಂಎಂ ಲೆನ್ಸನ್ನು ನನ್ನ ಬಾಡಿಗೆ ಹಾಕಿ, ಅನಂತದ ಗುರುತಿಗೆ ತಿರುಗಿಸಿ, ಕೋಟೆ ಗುಡ್ಡದ ಮೇಲಿನ ಚಂದ್ರನನ್ನು ನೋಡಿದರೆ ಎರಡು ಚಂದ್ರ! ಅದೇ ಲೆನ್ಸ್ ಅವರ ಬಾಡಿಯಲ್ಲಿ ಒಂದೇ ಚಂದ್ರನನ್ನು ತೋರಿಸಿತು. ತಪ್ಪಿದ್ದದ್ದು ನನ್ನ ಬಾಡಿಯಲ್ಲಿ. ಸಂಡೂರಿನ ರಸ್ತೆಯಲ್ಲಿ ಬೈಕಿನ ಮೇಲೆ ಚೀಲದಲ್ಲಿ ಕುಲುಕಿದ್ದರ ಫಲವೇ ಇರಬೇಕು. ಸರಿಯಾಗಿದ್ದ ಲೆನ್ಸನ್ನು ನಾನು ತಪ್ಪು ಬಾಡಿಗೆ ತಕ್ಕಂತೆ ಕೆಡಿಸಿದ್ದೆ. ಬಾಡಿಯನ್ನು ರಿಪೇರಿ ಮಾಡಿಸಿದ ಮೇಲೆ ಲೆನ್ಸನ್ನು ಮತ್ತೊಮ್ಮೆ ಮೊದಲಿನ ಸ್ಥಿತಿಗೆ ತರಬೇಕಾಯಿತು. ನಾಲ್ಕು ರೋಲು ಹಾಳಾದವು, ಫಿಲ್ಮಿನ ಈಗಿನ ಬೆಲೆ ನಿಮಗೆ ಗೊತ್ತೇ ಇದೆ.

ಫಿಲ್ಮ್ ಸುಡದೆಯೂ ಪರೀಕ್ಷಿಸಬಹುದು. ಎಂ3ರ ತಳದ ಮುಚ್ಚಳ ತೆಗೆದರೆ ಹಿಂಬದಿಯ ಬಾಗಿಲು ಮೇಲಕ್ಕೆ ಏಳುತ್ತದೆ. ಗಾಜಿನ ಅಂಗಡಿಯಲ್ಲಿ ಒಂದು ಚೂರು ಉಜ್ಜಿದ ಗಾಜನ್ನು ಅಳತೆಗೆ ಕತ್ತರಿಸಿಕೊಂಡು, ಒರಟು ಬದಿ ಲೆನ್ಸಿನ ಕಡೆಗೆ ಬರುವಂತೆ, ಫಿಲ್ಮ್ ಕೂರುವ ಒಳಗಿನ ಹಳಿಗಳ ಮೇಲೆ ಇಡಿ. ಶಟರನ್ನು ‘ಬಿ’ಯಲ್ಲಿ (ಒತ್ತಿ ಹಿಡಿದಷ್ಟು ಹೊತ್ತೂ ತೆರೆದಿರುವ ಗುರುತಿನಲ್ಲಿ) ತೆರೆದು ಕೇಬಲ್ ರಿಲೀಸಿನಿಂದ ಹಿಡಿದಿಡಿ. ಒಂದು ಮೀಟರ್ ದೂರದಲ್ಲಿ ಪತ್ರಿಕೆಯ ಹಾಳೆಯನ್ನು ಓರೆಯಾಗಿ ನಿಲ್ಲಿಸಿ, ನಡುವಿನ ಒಂದು ಸಾಲಿಗೆ ಫೈಂಡರಿನಲ್ಲಿ ಫೋಕಸ್ ಮಾಡಿ, ಆಮೇಲೆ ಗಾಜಿನ ಮೇಲೆ ಭೂತಗನ್ನಡಿ ಹಿಡಿದು ಯಾವ ಸಾಲು ಸ್ಪಷ್ಟವಾಗಿದೆ ನೋಡಿ. ಬಿಂಬ ತಲೆಕೆಳಗಾಗಿರುತ್ತದೆ, ಅಕ್ಷರ ಓದಲು ಸ್ವಲ್ಪ ತಾಳ್ಮೆ ಬೇಕು. ಗಾಜು ಒಂದಿಷ್ಟು ಎದ್ದು ನಿಂತಿದ್ದರೂ ಫಲಿತಾಂಶ ಸುಳ್ಳಾಗುತ್ತದೆ, ಆದ್ದರಿಂದ ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿಯಿರಿ. ಶಟರಿನ ಬಟ್ಟೆಗೆ ಮಾತ್ರ ಕೈ ತಾಗಿಸಬೇಡಿ.

ಬಾಡಿಯಲ್ಲಿ ತಪ್ಪು ಕಂಡರೆ ಸ್ಕ್ರೂ ಡ್ರೈವರ್ ಹಿಡಿಯಬೇಡಿ. ಎಂ3ರ ಫೈಂಡರಿನ ಗಾಜುಗಳನ್ನು ಬಾಲ್ಸಂ ಅಂಟಿನಿಂದ ಕೂಡಿಸಿರುತ್ತಾರೆ. ವಯಸ್ಸಾದ ಆ ಅಂಟು ಪೆಟ್ಟು ಬಿದ್ದೋ ಬಿಸಿ ತಾಗಿಯೋ ಬಿಟ್ಟುಕೊಂಡರೆ ಫೈಂಡರೇ ಕಪ್ಪಾಗುತ್ತದೆ. ನಮ್ಮ ಕಡೆಯ ಮೇ ತಿಂಗಳಲ್ಲಿ ಮುಚ್ಚಿದ ಕಾರಿನೊಳಗೆ ಆ ಕ್ಯಾಮೆರಾವನ್ನು ಹತ್ತು ನಿಮಿಷವೂ ಬಿಡಬೇಡಿ.

ಕೊಪ್ಪಳದ ಹವ್ಯಾಸಿ

ಹಿರಿಯರಿಬ್ಬರಿಗೂ ಧನ್ಯವಾದಗಳು. 28 ಎಂಎಂ ಕೈಬಿಟ್ಟೆ. ಆದರೆ ಪರೀಕ್ಷೆ ಮಾಡಲು ನನ್ನ ಬಳಿ ಯಾವ ಲೆನ್ಸೂ ಇಲ್ಲವಲ್ಲ ಸರ್! ಇನ್ನೊಂದು ಸಂದೇಹ: ಕತ್ತಲೆಯ ಕೋಣೆಗೆ ಎಫ್ 1.1 ಬೇಕೇ ಬೇಕೆ, ಅಥವಾ ಜುಪಿಟರಿನ ಎಫ್ 2 ಸಾಕೆ?

ಉತ್ತರ 3: ಗಂಗಾವತಿಯಿಂದ

ನಾನು ಕಿನ್ನಾಳದ ಅಂಥ ಮನೆಗಳಲ್ಲಿ ಬೆಳಕಿನ ಅಳತೆ ನೋಡಿದ್ದೇನೆ. ಬಾಗಿಲ ಬಳಿ ಕೂತು ಗೊಂಬೆಗೆ ಬಣ್ಣ ಹಾಕುವವರ ಮೇಲೆ, 400 ಐಎಸ್‌ಒ ಫಿಲ್ಮಿಗೆ (ಐಎಸ್‌ಒ ಎಂದರೆ ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಎಂಬ ಅಳತೆ), ಎಫ್ 2ರಲ್ಲಿ ಸುಮಾರು 1/60 ಸೆಕೆಂಡ್ ಸಿಗುತ್ತದೆ. ಕನ್ನಡಿ ಎಗರುವ ಕ್ಯಾಮೆರಾ ಇದಲ್ಲವಾದ್ದರಿಂದ 1/30ರಲ್ಲೂ ಕೈ ಹಿಡಿದು ತೆಗೆಯಬಹುದು. ಅದೇ ಬೆಳಕಿನಲ್ಲಿ ಎಫ್ 5.6 ಲೆನ್ಸಿಗೆ 1/8 ಸೆಕೆಂಡ್ ಬೇಕಾಗುತ್ತಿತ್ತು. ಎಫ್ 1.1ರಿಂದ ನಿಮಗೆ ಸಿಗುವ ಲಾಭ ಎರಡು ಸ್ಟಾಪಿಗೂ ಕಡಿಮೆ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟಾಗುವುದು). ಅದಕ್ಕೆ ತೆರುವ ಬೆಲೆಯನ್ನು ಮಾತ್ರ ಲೆಕ್ಕ ಹಾಕಿ. ಒಂದು ಮೀಟರ್ ದೂರದಲ್ಲಿ 50 ಎಂಎಂ ಲೆನ್ಸನ್ನು ಎಫ್ 1.1ರಲ್ಲಿ ತೆರೆದರೆ ಸ್ಪಷ್ಟವಾಗಿರುವ ಆಳ ಒಟ್ಟು ಎರಡೂವರೆ ಸೆಂಟಿಮೀಟರ್, ಅಂದರೆ ಕುಂಚದ ತುದಿ ಸ್ಪಷ್ಟವಾದರೆ ಅದನ್ನು ಹಿಡಿದ ಬೆರಳು ಮಸುಕು. ಎಫ್ 2ರಲ್ಲಿ ಅದು ನಾಲ್ಕೂವರೆ ಸೆಂಟಿಮೀಟರ್ ದಾಟುತ್ತದೆ. ಗೊಂಬೆ ಮಾಡುವವರು ಕೈ ಆಡಿಸುತ್ತಲೇ ಇರುತ್ತಾರೆ, ನಿಮಗಾಗಿ ಅಲುಗದೆ ಕೂರುವುದಿಲ್ಲ. ಇನ್ನು ಹೊರಗಿನ ಬಿಸಿಲಿಗೆ, ಎಂ3ರ ಅತಿ ಹೆಚ್ಚಿನ ವೇಗ 1/1000 ಆಗಿರುವುದರಿಂದ, 400ರ ಫಿಲ್ಮ್ ಹಾಕಿದರೆ ಎಫ್ 11ಕ್ಕಿಂತ ಅಗಲವಾಗಿ ತೆರೆಯುವ ಹಾಗೇ ಇಲ್ಲ.

ಎಫ್ 1.1ರ ಆ ಮಂಜುಮಂಜಾದ ಹೊಳಪು ಕೆಲವರಿಗೆ ಬಹಳ ಪ್ರಿಯ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನನಗೆ ಮಾತ್ರ ಆ ಭಾರ ಕ್ಯಾಮೆರಾದ ಮುಂದೆ ತೂಗುವುದೇ ಹಿಡಿಸುವುದಿಲ್ಲ.

ಜುಪಿಟರ್-8 ಎರಡನೇ ಮಹಾಯುದ್ಧದ ಮುಂಚಿನ, ಜರ್ಮನಿಯ ಜೈಸ್ ಕಂಪನಿಯ ಸೊನ್ನಾರ್ ಎಂಬ ಲೆನ್ಸ್ ವಿನ್ಯಾಸದ ಸೋವಿಯತ್ ರೂಪ. ಹಗುರ, ಅಗ್ಗ, ಮುಖಗಳಿಗೆ ಚೆಲುವಾದ ಲೆನ್ಸ್. ಆದರೆ ಅದರ ಅಪರ್ಚರ್ (ಬೆಳಕು ಬರುವ ಕಂಡಿ) ಹಿರಿದು ಕಿರಿದು ಮಾಡುವ ಉಂಗುರಕ್ಕೆ ‘ಟಿಕ್’ ಎನ್ನುವ ನಿಲುಗಡೆಗಳಿಲ್ಲ, ಕಣ್ಣಿನಿಂದ ನೋಡಿಯೇ ಇಡಬೇಕು. ಒಂದೊಂದು ಪ್ರತಿಯೂ ಒಂದೊಂದು ಥರ ಇರುವುದಲ್ಲದೆ, ಸೋವಿಯತ್ ಲೆನ್ಸುಗಳ ಫೋಕಸ್ ಅಳತೆಯೇ ಲೈಕಾದ ಅಳತೆಗಿಂತ ತುಸು ಬೇರೆಯಾದ್ದರಿಂದ, ಲೈಕಾ ಬಾಡಿಯಲ್ಲಿ ಹತ್ತಿರದ ಫೋಕಸ್ ತಪ್ಪುವುದು ಸಾಮಾನ್ಯ. ಒಳಗೆ ತೆಳುವಾದ ಶಿಮ್ ಉಂಗುರ ಸೇರಿಸಿ ಅಥವಾ ತೆಗೆದು ಸರಿಪಡಿಸುತ್ತಾರೆ. ಸೊನ್ನಾರ್ ಜಾತಿಯ ಲೆನ್ಸುಗಳಿಗೆ ಇನ್ನೊಂದು ಗುಣವಿದೆ: ಅಪರ್ಚರ್ ಕಿರಿದು ಮಾಡಿದಂತೆ ಫೋಕಸ್ ಬಿಂದುವೇ ಸ್ವಲ್ಪ ಹಿಂದಕ್ಕೆ ಜರುಗುತ್ತದೆ. ಆದ್ದರಿಂದ ನೀವು ಹೆಚ್ಚಾಗಿ ಬಳಸುವ ಅಪರ್ಚರಿನಲ್ಲೇ, ಅಂದರೆ ಎಫ್ 2ರಲ್ಲೇ, ಪರೀಕ್ಷೆ ನಡೆಯಬೇಕು.

ಪಟ್ಟಿಗೆ ಇನ್ನೆರಡು ಸೇರಿಸುತ್ತೇನೆ. ಕ್ಯಾನನ್ ಕಂಪನಿಯ ಹಳೆಯ ಸ್ಕ್ರೂ ಮೌಂಟಿನ 50 ಎಂಎಂ ಎಫ್ 1.8 ಒಳ್ಳೆಯದು, ಆದರೆ ಅಪರ್ಚರಿನ ಹಿಂದಿನ ಗಾಜಿಗೆ ಮಬ್ಬು ಹಿಡಿಯುವುದು ಅದರ ಹುಟ್ಟುಗುಣ. ಕೆಲವು ಪ್ರತಿಗಳಲ್ಲಿ ಆ ಮಬ್ಬು ಲೇಪನವನ್ನೇ ತಿಂದಿರುತ್ತದೆ, ಒರೆಸಿದರೆ ಹೋಗುವುದಿಲ್ಲ. ಮಾರುವವರಿಗೆ ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ತೆಗೆದ ಫೋಟೊ ಕೇಳಿ. ಕೊಡಲು ತಡವರಿಸಿದರೆ ಅಲ್ಲಿಗೇ ಬಿಡಿ. ಎರಡನೆಯದು ಫೋಗ್ಟ್‌ಲ್ಯಾಂಡರ್ ಹೆಸರಿನ ಸೆಕೆಂಡ್ ಹ್ಯಾಂಡ್ ಲೆನ್ಸುಗಳು. ಆ ಹೆಸರು 1756ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ್ದು, ಆದರೆ 1999ರಿಂದ ಈ ಲೆನ್ಸುಗಳನ್ನು ಮಾಡುತ್ತಿರುವುದು ಜಪಾನಿನ ಕೊಸಿನಾ ಕಂಪನಿ. ಕಲರ್ ಸ್ಕೋಪಾರ್ 50 ಎಂಎಂ ಎಫ್ 2.5 ನಿಮ್ಮ ಬೆಲೆಗೆ ಎಲ್ಲಾದರೂ ಸಿಕ್ಕರೆ ಯೋಚಿಸದೆ ತೆಗೆದುಕೊಳ್ಳಿ; ಅಂಗೈಯಲ್ಲಿ ಮುಚ್ಚಿಡುವಷ್ಟು ಚಿಕ್ಕದು, ಕೆಲಸ ಅಚ್ಚುಕಟ್ಟು.

ಉತ್ತರ 4: ರಾಯಚೂರಿನ ರೋಲ್ ಫಿಲ್ಮ್

ಗಂಗಾವತಿಯವರ ಲೆಕ್ಕವನ್ನು ಒಪ್ಪುತ್ತೇನೆ. ಹೊಸದೇ ಬೇಕೆಂದಿದ್ದರೆ ಮಾತ್ರ ನಾನು ಟಿಟಿ ಆರ್ಟಿಸನ್ನಿನ 50 ಎಂಎಂ ಎಫ್ 1.4ರ ಬೆಲೆಯನ್ನೂ ಒಮ್ಮೆ ವಿಚಾರಿಸಿ ಎನ್ನುತ್ತೇನೆ. ಅದರ ಹಿಂಬದಿಯ ಅಂಚನ್ನೂ ತಿದ್ದಿಕೊಳ್ಳಬಹುದು.

ಪರೀಕ್ಷೆಗೆ ಲೆನ್ಸ್ ಇಲ್ಲವೆಂಬ ಚಿಂತೆ ಬೇಡ. ನನ್ನ ಬಳಿ ಶಿಮ್ ಹಾಕಿಸಿ ಲೈಕಾಕ್ಕೆ ಹೊಂದಿಸಿದ ಜುಪಿಟರ್-8 ಇದೆ, ಉಂಗುರವೂ ಇದೆ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳನ್ನು ದೂರದಿಂದ ನೋಡಿ ನಾನು ವರ್ಷಕ್ಕೆರಡು ಸಲ ಅನಂತದ ಗುರುತನ್ನು ಪರೀಕ್ಷಿಸಿಕೊಳ್ಳುತ್ತೇನೆ, ಹೋದ ತಿಂಗಳೂ ಎರಡು ಬಿಂಬ ಸರಿಯಾಗಿ ಒಂದರ ಮೇಲೊಂದು ಕೂತಿದ್ದವು. ಮುಂದಿನ ಭಾನುವಾರ ನಾನು ಕೊಪ್ಪಳಕ್ಕೆ ಮದುವೆಗೆ ಬರುವವನಿದ್ದೇನೆ. ಬಾಡಿ, ಕೇಬಲ್ ರಿಲೀಸ್ ಮತ್ತು ಉಜ್ಜಿದ ಗಾಜಿನ ಚೂರು ತನ್ನಿ. ಊಟವಾದ ಮೇಲೆ ಕೋಟೆಯ ಕಡೆಗೆ ಹೋಗಿ ನೋಡೋಣ. ಬಾಡಿ ಸರಿಯಿದ್ದರೆ ಆ ಲೆನ್ಸನ್ನು ಒಂದು ತಿಂಗಳು ನಿಮ್ಮಲ್ಲೇ ಇಟ್ಟುಕೊಂಡು ಕಿನ್ನಾಳದಲ್ಲಿ ಒಂದೆರಡು ರೋಲು ತೆಗೆಯಿರಿ, ಕೊಳ್ಳುವುದನ್ನು ಆಮೇಲೆ ನೋಡಿಕೊಂಡರಾಯಿತು.